ಗುಡ್ಡದ ಬೈಕ್ ದ್ವೀಪಕ್ಕೆ ಹೋದದ್ದು

2025ರ ಮೇ ತಿಂಗಳ ಮೊದಲ ವಾರ ನಾವು ಮೂವರೂ ಮಂಗಳೂರಿನ ಬಂದರಿಗೆ ಹೋಗಿದ್ದೆವು. ಏಳು ವರ್ಷ ನಮ್ಮ ಜೊತೆ ಇದ್ದ ಬೈಕನ್ನು ಮಂಜಿಗೆ ಹತ್ತಿಸಿ ಬರುವುದಿತ್ತು.

ಮಂಜಿ ಅಂದರೆ ಮರದ ಸರಕು ಹಡಗು. ಇಲ್ಲಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ದಿನಸಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲ ಹೋಗುವುದು ಇದರಲ್ಲೇ. ಮೇ ತಿಂಗಳ ನಡುವಿಗೆ ಸಂಚಾರ ನಿಂತರೆ ಮತ್ತೆ ಶುರುವಾಗುವುದು ಮಳೆಗಾಲ ಮುಗಿದು ಸೆಪ್ಟೆಂಬರ್ ನಡುವಿಗೆ. ಹಾಗಾಗಿ ಆ ವಾರ ಬಂದರಿನಲ್ಲಿ ಎಲ್ಲರಿಗೂ ಅವಸರ. ತಲೆಹೊರೆಯವರಿಗೆ ಮಾತಾಡಲು ಪುರುಸೊತ್ತಿಲ್ಲ, ಲಾರಿಗೆ ತಿರುಗಲು ಜಾಗವಿಲ್ಲ. ನಡುವೆ ನಮ್ಮ ಬೈಕ್, ಪೆಟ್ರೋಲ್ ಖಾಲಿ ಮಾಡಿಸಿಕೊಂಡು, ಬ್ಯಾಟರಿ ವೈರ್ ಬಿಚ್ಚಿಸಿಕೊಂಡು, ಈರುಳ್ಳಿ ಮೂಟೆಗೆ ಒರಗಿ ನಿಂತಿತ್ತು.

ಬೈಕಿನ ಹೆಸರು ಇಂಪಲ್ಸ್. ಹೀರೋ ಕಂಪೆನಿಯದ್ದು, 2012ರ ಮಾಡೆಲ್, ಕೆಎ 19 ನಂಬರು. ನಿಮ್ಮಲ್ಲಿ ಹಲವರು ಇದನ್ನು ನೋಡಿರಲಿಕ್ಕಿಲ್ಲ. ಎತ್ತರದ ಬೈಕ್. ಮುಂದಿನ ಮಡ್‌ಗಾರ್ಡ್ ಚಕ್ರಕ್ಕೆ ಅಂಟಿಕೊಳ್ಳದೆ ಕೊಕ್ಕರೆ ಕೊಕ್ಕಿನ ಹಾಗೆ ಮೇಲೆ ಚಾಚಿಕೊಂಡಿರುತ್ತದೆ. ಡಾಂಬರು ರಸ್ತೆಯಲ್ಲೂ ಓಡಬೇಕು, ರಸ್ತೆಯೇ ಇಲ್ಲದಲ್ಲೂ ಓಡಬೇಕು ಎಂದು ಮಾಡಿದ ಗಾಡಿ.

ಕೊಂಡದ್ದು 2018ರಲ್ಲಿ, ಇದೇ ಬಂದರಿನಲ್ಲಿ. ಪತ್ರಿಕೋದ್ಯಮದ ಓದು ಮುಗಿಸಿ ನಾವು ಮೂವರೂ, ಸುಳ್ಯದವ ಒಬ್ಬ, ಬೆಳ್ತಂಗಡಿಯವ ಒಬ್ಬ, ಕಾರ್ಕಳದವಳು ಒಬ್ಬಳು, ಹಳ್ಳಿ ಸುದ್ದಿ ಬರೆಯುತ್ತೇವೆ ಎಂದು ಹೊರಟಿದ್ದೆವು. ಬಸ್ಸು ಮುಖ್ಯರಸ್ತೆಯವರೆಗೆ ಮಾತ್ರ. ಅಲ್ಲಿಂದ ಒಳಗೆ ನಾಲ್ಕು ಮೈಲಿ ನಡೆದು, ಸುದ್ದಿ ಮಾಡಿ, ಕಡೆಯ ಬಸ್ಸಿಗೆ ವಾಪಸು ಬರುವುದರೊಳಗೆ ಬರೆಯುವ ಉತ್ಸಾಹ ಉಳಿಯುತ್ತಿರಲಿಲ್ಲ. ಬೈಕ್ ಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಬಂದರಿನ ಒಬ್ಬ ಹುಡುಗ ಸೌದಿಗೆ ಹೊರಟಿದ್ದ. ತಣ್ಣೀರುಬಾವಿಯ ಮರಳಿನಲ್ಲಿ ಓಡಿಸಲಿಕ್ಕೆಂದು ಇಟ್ಟುಕೊಂಡಿದ್ದ ಬೈಕನ್ನು ಮೂವತ್ತೆರಡು ಸಾವಿರಕ್ಕೆ ಕೊಟ್ಟ. ಮೂವರೂ ಪಾಲು ಹಾಕಿದೆವು.

ಮೊದಲ ದಿನ ಬೈಕ್ ನೋಡಿದ ಸುಳ್ಯದವನ ಅಪ್ಪ, "ಎಂತದು ಮಾರಾಯ, ಕುದುರೆಯಾ? ಹತ್ತಲಿಕ್ಕೆ ಏಣಿ ಬೇಕಲ್ಲ" ಎಂದಿದ್ದರು.

ಕುದುರೆ ಎಂದದ್ದು ತಪ್ಪಲ್ಲ. ಈ ಜಾತಿಯ ಬೈಕ್ ಹೇಗೆ ಬೇರೆ ಎಂಬುದು ನಮಗೂ ಓಡಿಸಿದ ಮೇಲೆಯೇ ಗೊತ್ತಾದದ್ದು. ಎತ್ತಿನಗಾಡಿಯ ಚಕ್ರ ಯಾಕೆ ಅಷ್ಟು ದೊಡ್ಡದು ಯೋಚಿಸಿ. ಚಿಕ್ಕ ಚಕ್ರ ಕಲ್ಲಿಗೆ ಬಡಿದು ನಿಲ್ಲುತ್ತದೆ, ದೊಡ್ಡದು ಕಲ್ಲನ್ನು ಹತ್ತಿ ಇಳಿಯುತ್ತದೆ. ಇಂಪಲ್ಸಿನ ಮುಂದಿನ ಚಕ್ರ 19 ಇಂಚು, ಹಿಂದಿನದು 17. ಹೊಟ್ಟೆಯ ಕೆಳಗೆ ನೆಲಕ್ಕೂ ಎಂಜಿನ್‌ಗೂ ನಡುವೆ ಸುಮಾರು ಒಂದು ಗೇಣು ಜಾಗ. ಶಾಕ್ ಅಬ್ಸಾರ್ಬರ್ ಉದ್ದ, ಗುಂಡಿಗೆ ಇಳಿದಾಗ ಕುಗ್ಗಲು ಹೆಚ್ಚು ಜಾಗ ಇರುತ್ತದೆ. ಹ್ಯಾಂಡಲ್ ಅಗಲ ಮತ್ತು ಎತ್ತರ, ನಿಂತುಕೊಂಡು ಓಡಿಸಲು ಬೇಕಾದ ಹಾಗೆ. ಕಲ್ಲು ಗುಂಡಿಯ ದಾರಿಯಲ್ಲಿ ಕುಳಿತು ಓಡಿಸಿದರೆ ಪೆಟ್ಟೆಲ್ಲ ಬೆನ್ನುಹುರಿಗೆ. ಎದ್ದು ನಿಂತರೆ ನಿಮ್ಮ ಮೊಣಕಾಲೇ ಇನ್ನೊಂದು ಜೊತೆ ಸ್ಪ್ರಿಂಗು.

ಎಂಜಿನ್ ದೊಡ್ಡದೇನಲ್ಲ. 149.2 ಸಿಸಿ, 13 ಕುದುರೆಶಕ್ತಿಯಷ್ಟು. ಹೆದ್ದಾರಿಯಲ್ಲಿ ಬೇರೆಯವರೆಲ್ಲ ನಮ್ಮನ್ನು ದಾಟಿ ಹೋಗುತ್ತಿದ್ದರು. ಗುಡ್ಡೆಯ ದಾರಿ ಸಿಕ್ಕಿದ ಮೇಲೆ ಅವರು ನಿಲ್ಲುತ್ತಿದ್ದರು, ನಾವು ಹೋಗುತ್ತಿದ್ದೆವು.

ಇದರ ವಂಶ ಹಳೆಯದು. ಜಪಾನಿನ ಯಮಾಹಾ 1968ರಲ್ಲಿ ಡಿಟಿ-1 ಎಂಬ 250 ಸಿಸಿ ಬೈಕ್ ತಂದಿತು. ಲೈಟು, ಹಾರ್ನು, ನಂಬರ್ ಪ್ಲೇಟು ಎಲ್ಲ ಇದ್ದು ಪೇಟೆಗೂ ಹೋಗಬಹುದು, ಕಾಡಿಗೂ ಹೋಗಬಹುದು ಎನ್ನುವ ಗಾಡಿ ಸಾಮಾನ್ಯ ಜನರ ಕೈಗೆ ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿದ್ದು ಅದರಿಂದ. ಹತ್ತು ವರ್ಷದ ಮೇಲೆ ಪ್ಯಾರಿಸ್ಸಿನಿಂದ ಆಫ್ರಿಕದ ಡಾಕರ್‌ವರೆಗಿನ ಮೊದಲ ರ್‍ಯಾಲಿ ನಡೆದಾಗ ಯಮಾಹಾದ ಎಕ್ಸ್‌ಟಿ 500 ಓಡಿಸಿದ ಸಿರಿಲ್ ನೆವೂ ಗೆದ್ದ. ಅದೇ ಡಾಕರ್ ರ್‍ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ. ನಮ್ಮ ಪಕ್ಕದ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮುಗಿಸಿದರು. ಬಿಗ್ ಬಾಸ್ ನೋಡುವವರಿಗೆ ಅವರ ಮುಖ ಗೊತ್ತು. ಮರಳುಗಾಡಿನಲ್ಲಿ ಅವರು ಮಾಡಿದ್ದು ಯಾವ ಟಿವಿ ಮನೆಗಿಂತಲೂ ಕಷ್ಟದ್ದು.

ನಮ್ಮ ದೇಶದಲ್ಲಿ ಇಂಥ ಬೈಕ್ ಬಂದದ್ದು ತಡ. ಹೋಂಡಾದಿಂದ ಬೇರೆಯಾದ ಹೀರೋ 2011ರಲ್ಲಿ ಇಂಪಲ್ಸ್ ತಂದಿತು. ಬ್ರೆಜಿಲ್‌ನಲ್ಲಿ ಹೋಂಡಾ ಮಾರುತ್ತಿದ್ದ ಎನ್‌ಎಕ್ಸ್‌ಆರ್ 150 ಬ್ರೋಸ್ ಎಂಬುದರ ಅಚ್ಚು. ಇಲ್ಲಿ ಹೆಚ್ಚು ಜನ ಕೊಳ್ಳಲಿಲ್ಲ, ಕೆಲವೇ ವರ್ಷಕ್ಕೆ ನಿಂತಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು, 2019ರಲ್ಲಿ ಹೀರೋದ್ದೇ ಎಕ್ಸ್‌ಪಲ್ಸ್ 200. ಈಗ ಹುಡುಗರು ಇವುಗಳಲ್ಲಿ ಲಡಾಖ್‌ಗೆ ಹೋಗಿ ಫೋಟೊ ಹಾಕುತ್ತಾರೆ.

ಹಾಗೆಂದು ಹಳ್ಳಿಯವರು ಬೈಕನ್ನು ಕೆಸರಿಗೆ ಇಳಿಸಲು ಇಂಥ ಗಾಡಿಗೆ ಕಾದು ಕುಳಿತಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅರುವತ್ತರ ದಶಕದಿಂದ 1996ರಲ್ಲಿ ಮುಚ್ಚುವವರೆಗೆ ಮಾಡಿದ ಜಾವಾ, ಯೆಜ್ಡಿ ಬೈಕುಗಳಲ್ಲಿ ನಮ್ಮ ಕಡೆಯ ತೋಟದವರು ಅಡಿಕೆ ಮೂಟೆ ಹೇರಿಕೊಂಡು ಹೋಗದ ದಾರಿ ಇಲ್ಲ. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರು, ಒದ್ದು ಚಾಲು ಮಾಡಿ ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಯಾರೂ ಅದನ್ನು ಆಫ್‌ರೋಡ್ ಎಂದು ಕರೆಯುತ್ತಿರಲಿಲ್ಲ. ಮನೆಗೆ ಹೋಗುವ ದಾರಿ ಅದು, ಅಷ್ಟೆ.

ನಮ್ಮ ಬೈಕಿಗೆ ನಿಜವಾದ ಕೆಲಸ ಬಿದ್ದದ್ದು 2019ರ ಆಗಸ್ಟಿನಲ್ಲಿ. ಆ ಮಳೆ ಬೆಳ್ತಂಗಡಿಯವರಿಗೆ ಮರೆಯುವಂಥದ್ದಲ್ಲ. ಗುಡ್ಡ ಜರಿದು ಮರದ ದಿಮ್ಮಿಗಳು ಹೊಳೆಯಲ್ಲಿ ತೇಲಿ ಬಂದವು. ಚಾರ್ಮಾಡಿ ಘಾಟಿ ಮುಚ್ಚಿತು. ದಿಡುಪೆ, ಚಾರ್ಮಾಡಿ ಕಡೆ ತೋಟಗಳ ಮೇಲೆ ಮರಳು, ಕೆಸರು ತುಂಬಿತು. ಅನೇಕ ಕಡೆ ಸಂಕ ಕೊಚ್ಚಿ ಹೋಯಿತು. ಪೇಟೆಯ ವರದಿಗಾರರ ಕಾರುಗಳು ಮುಖ್ಯರಸ್ತೆಯಲ್ಲಿ ನಿಂತಾಗ ನಾವು ಒಳಗೆ ಹೋದೆವು. ನಮ್ಮ ಬಗ್ಗೆ ನಮಗೇ ಹೆಮ್ಮೆಯಾಗಿತ್ತು.

ಘಟ್ಟದ ಬುಡದ ಒಂದು ಊರು. ಹೆಸರು ಬೇಡ, ಅಲ್ಲಿಯವರು ಬೇಡ ಎಂದಿದ್ದಾರೆ. ಎರಡು ತೋಡು ದಾಟಿ, ಒಂದು ಏರು ಹತ್ತಿ ಹೋದರೆ ಹನ್ನೊಂದು ಮನೆ. ಕಡೆಯ ಮನೆಯ ಅಜ್ಜಿ ಕರೆದು, "ಬಲೆ, ಕುಲ್ಲುಲೆ" ಎಂದರು. ಕೂತೆವು. ಕಾಫಿ ಕೊಟ್ಟರು. ಫೋಟೊ ತೆಗೆದೆವು, ಮಾತು ರೆಕಾರ್ಡ್ ಮಾಡಿದೆವು. ಎದ್ದು ಹೊರಡುವಾಗ ಅಜ್ಜಿ ಬೈಕನ್ನು ನೋಡಿ ತುಳುವಿನಲ್ಲಿ ಕೇಳಿದ್ದು ಇಷ್ಟು: "ಇದು ಇಲ್ಲಿವರೆಗೆ ಬರುತ್ತದಾದರೆ, ಬರುವಾಗ ಅಜ್ಜನ ಮದ್ದು ತರಲಿಕ್ಕೆ ಆಗುತ್ತದಾ?"

ಅಜ್ಜನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಮಗ ಕೆಲಸಕ್ಕೆಂದು ದೂರದ ಊರಿನಲ್ಲಿ. ಪೇಟೆಯಿಂದ ಬಾಟಲಿ ತರುವುದು ಅಜ್ಜಿಯೇ, ನಡೆದುಕೊಂಡು, ಬಸ್ಸು ಹಿಡಿದು. ಸಂಕ ಹೋದ ಮೇಲೆ ಅದೂ ಇಲ್ಲ. ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಬಾಟಲಿಯನ್ನು ಒದ್ದೆ ಮಣ್ಣಿನ ಮಡಕೆಯಲ್ಲಿ ಇಡುತ್ತಿದ್ದರು. ಹಾಗೆ ಇಟ್ಟದ್ದನ್ನು ತಿಂಗಳೊಳಗೆ ಮುಗಿಸಬೇಕು ಎಂದು ಡಾಕ್ಟರು ಹೇಳಿದ್ದರು. ಜಾಸ್ತಿ ತಂದಿಟ್ಟುಕೊಳ್ಳುವ ಹಾಗೂ ಇಲ್ಲ.

ನಾವು ಪ್ರಶ್ನೆ ಕೇಳಲು ಹೋದವರು. ಅಜ್ಜಿ ಕೇಳಿದ ಒಂದೇ ಪ್ರಶ್ನೆಗೆ ಮೂವರೂ ಮುಖ ನೋಡಿಕೊಂಡೆವು. ಆಗುತ್ತದೆ ಎಂದೆವು.

ಆಮೇಲೆ ಮಳೆಗಾಲದ ಪ್ರತಿ ತಿಂಗಳು ನಮ್ಮಲ್ಲಿ ಯಾರಾದರೊಬ್ಬರು ಹೋಗುತ್ತಿದ್ದೆವು. ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಗಲ ಬಾಯಿಯ ಫ್ಲಾಸ್ಕಿನಲ್ಲಿಟ್ಟು, ಬ್ಯಾಗಿನ ಒಳಗೆ ಹಾಕುವುದು. ತೋಡು ಸಿಕ್ಕಿದಾಗ ಮೊದಲು ಬೈಕ್ ನಿಲ್ಲಿಸಿ ಕೋಲು ಹಿಡಿದು ನಡೆದು ನೋಡುವುದು. ನೀರು ಮೊಣಕಾಲಿಗಿಂತ ಮೇಲಿದ್ದರೆ, ಕೆಂಪಾಗಿ ರಭಸದಲ್ಲಿದ್ದರೆ, ಬೈಕ್ ಈಚೆ ದಡದಲ್ಲೇ. ಕಡಿಮೆ ಇದ್ದರೆ ಮೊದಲ ಗೇರು, ಒಂದೇ ಹದದ ಎಕ್ಸಲೇಟರು, ನಡುವೆ ನಿಲ್ಲಿಸುವ ಹಾಗಿಲ್ಲ. ಒಂದು ಸಲ ಎಂಜಿನ್ ನೀರು ಕುಡಿಯಿತು. ಕಿಕ್ ಹೊಡೆಯದೆ ಪ್ಲಗ್ ಬಿಚ್ಚಿ, ಆಮೇಲೆ ನಿಧಾನ ಒದ್ದು ನೀರು ಹೊರಗೆ ತೆಗೆಯಬೇಕು. ನೀರು ಒಳಗಿರುವಾಗ ಒತ್ತಾಯದಿಂದ ಚಾಲು ಮಾಡಿದರೆ ಒಳಗಿನ ರಾಡ್ ಬಗ್ಗುತ್ತದೆ. ಇದು ನಿಮ್ಮ ಯಾವ ಬೈಕಿಗೂ ಅನ್ವಯ.

ಅಜ್ಜನಿಗೆ ನಮ್ಮ ಬೈಕಿನ ಶಬ್ದ ಗುರ್ತವಾಗಿತ್ತು. ಏರು ಹತ್ತುವಾಗಲೇ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು.

2022ರ ಜುಲೈಯಲ್ಲಿ ನಾವು ತಪ್ಪಿದೆವು.

ಹಿಂದಿನ ಚಕ್ರದಿಂದ ಒಂದು ತಿಂಗಳಿಂದ ಕರ್ ಕರ್ ಶಬ್ದ ಬರುತ್ತಿತ್ತು. ಮೂವರಿಗೂ ಕೇಳಿಸಿತ್ತು. ಮೂವರ ಬೈಕ್ ಆದ್ದರಿಂದ ಇನ್ನೊಬ್ಬರು ಸರಿ ಮಾಡಿಸುತ್ತಾರೆ ಎಂದು ಪ್ರತಿಯೊಬ್ಬರೂ ಸುಮ್ಮನಿದ್ದೆವು. ಚೈನಿಗೆ ಎಣ್ಣೆ ಹಾಕಿದರೆ ಹೋದೀತು ಎಂದು ಒಬ್ಬ, ಮುಂದಿನ ತಿಂಗಳು ದುಡ್ಡು ಬಂದ ಮೇಲೆ ಎಂದು ಇನ್ನೊಬ್ಬ. ಅಜ್ಜನ ಬಾಟಲಿ ಮುಗಿಯುವ ಹಿಂದಿನ ದಿನ ಹೊರಟದ್ದು. ಮೊದಲ ತೋಡು ದಾಟಿದ ಮೇಲೆ ಚಕ್ರ ಓಲಾಡಿ ಬಿಗಿದು ನಿಂತಿತು. ಬೇರಿಂಗ್ ಪುಡಿಯಾಗಿ ಒಳಗಿನ ಗುಂಡುಗಳು ಹೊರಗೆ ಬಂದಿದ್ದವು. ಸಂಜೆಯಾಗಿತ್ತು, ಮಳೆ ಜೋರಾಗಿತ್ತು, ಎರಡನೇ ತೋಡು ತುಂಬಿತ್ತು. ನಡೆದು ದಾಟುವ ಧೈರ್ಯ ನಮಗಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ವಾಪಸು ಬಂದೆವು. ಮಾರನೆಯ ದಿನವೂ ನೀರು ಇಳಿಯಲಿಲ್ಲ.

ನಾಲ್ಕನೇ ದಿನ ಊರಿನ ಹುಡುಗರು ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬಿದಿರು ಕಟ್ಟಿ, ಹೊತ್ತುಕೊಂಡು ಜೀಪು ಬರುವ ಜಾಗಕ್ಕೆ ತಂದರು. ಆಸ್ಪತ್ರೆಯಲ್ಲಿ ಹದಿನೈದು ದಿನ. ಅಜ್ಜ ಬದುಕಿದರು. ಎಡಗಾಲಿನ ಎರಡು ಬೆರಳು ಹೋಯಿತು. ಗಾಯ ಮೊದಲೇ ಇತ್ತು, ಇದು ಅದರಿಂದಲೇ ಆದದ್ದೆಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ನಮಗೆ ಆ ಮಾತಿನಿಂದ ಸಮಾಧಾನ ಆಗಲಿಲ್ಲ.

ವಾರ್ಡಿನ ಹೊರಗೆ ಅಜ್ಜಿ ಕೂತಿದ್ದರು. ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆವು. "ಊಟ ಆಯ್ತಾ ಮಕ್ಕಳೇ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ವರ್ಷ ನಾವು ಒಂದು ಲೇಖನವನ್ನೂ ಈ ಬಗ್ಗೆ ಬರೆಯಲಿಲ್ಲ. ರಸ್ತೆ ಇಲ್ಲ ಎಂದು ಬರೆಯಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ಆ ದಿನ ದಾರಿಯ ಅರ್ಧದಲ್ಲಿ ನಿಂತದ್ದು ನಮ್ಮ ಉದಾಸೀನ. ಅದನ್ನು ಬಿಟ್ಟು ಉಳಿದದ್ದು ಮಾತ್ರ ಬರೆಯಲು ಮನಸ್ಸು ಬರಲಿಲ್ಲ.

ಬೈಕನ್ನು ಪಿಕಪ್‌ನಲ್ಲಿ ಹಾಕಿ ಬಂದರಿಗೆ ತಂದೆವು. ಆ ಮಾಡೆಲ್ ಕಡಿಮೆ ಇರುವುದರಿಂದ ನಮ್ಮ ಪೇಟೆಯಲ್ಲಿ ಕೈ ಹಾಕುವವರು ಇರಲಿಲ್ಲ. ಮೊದಲ ಯಜಮಾನ ಹೇಳಿದ್ದ ಒಬ್ಬರು ಕಾಕ ಬಂದರಿನ ಒಂದು ಓಣಿಯಲ್ಲಿದ್ದರು. ದೊಡ್ಡ ಪ್ರಾಯದ ಬ್ಯಾರಿ, ಇಪ್ಪತ್ತು ವರ್ಷ ಮೀನಿನ ಬೋಟಿನ ಎಂಜಿನ್ ಕೆಲಸ ಮಾಡಿ ಆಮೇಲೆ ಬೈಕಿಗೆ ಬಂದವರು. ಚಕ್ರ ಬಿಚ್ಚಿ, ಪುಡಿಯಾದ ಬೇರಿಂಗಿನ ಹೊರಗಿನ ಬಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರು. ನಾಲ್ಕು ಅಂಕಿಯ ನಂಬರು ಕಂಡಿತು.

"ಕಂಪೆನಿ ಸಾಮಾನು ಹುಡುಕಿ ಎಂತ ಮಾಡುದು? ಬೇರಿಂಗಿಗೆ ಬೈಕಿನ ಹೆಸರು ಇಲ್ಲ, ನಂಬರು ಉಂಟು. ಅದನ್ನು ಓದಲಿಕ್ಕೆ ಕಲಿಯಿರಿ" ಎಂದರು.

6302 ಎಂದು ಬರೆದಿದ್ದರೆ ಒಳಗಿನ ತೂತು 15 ಮಿಲಿಮೀಟರ್, ಹೊರಗಿನ ಅಳತೆ 42, ದಪ್ಪ 13. 6301 ಆದರೆ 12, 37, 12. ಯಾವ ದೇಶದಲ್ಲಿ ಮಾಡಿದರೂ ಅಳತೆ ಇದೇ. ಅದು ನೀರೆತ್ತುವ ಪಂಪಿನದ್ದಾದರೂ ಒಂದೇ, ಬೈಕಿನದ್ದಾದರೂ ಒಂದೇ. ಆಯಿಲ್ ಸೀಲಿಗೂ ಹೀಗೇ ಅಳತೆ ಬರೆದಿರುತ್ತದೆ. ಎಂಜಿನ್ ಕೂಡ ಹೀರೋದ ಹಂಕ್ ಬೈಕಿನ ಕುಟುಂಬದ್ದೇ ಆದ್ದರಿಂದ ಒಳಗಿನ ಸಾಮಾನಿಗೆ ತೊಂದರೆ ಇಲ್ಲ ಎಂದು ಅವರೇ ಹೇಳಿದ್ದು. ಎರಡು ಓಣಿ ದಾಟಿ ಹೋಗಿ ನಂಬರು ಹೇಳಿದೆವು, ಬೇರಿಂಗು ಸಿಕ್ಕಿತು.

ಕೆಲಸ ನಡೆಯುತ್ತಿದ್ದಾಗ ಅಜ್ಜನ ವಿಷಯ ಹೇಳಿದೆವು. ಕಾಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಸಮುದ್ರದಲ್ಲಿ ಎಂಜಿನ್ ನಿಂತರೆ ತಳ್ಳಿಕೊಂಡು ಬರಲಿಕ್ಕೆ ಆಗುದಿಲ್ಲ. ಹಾಗಾಗಿ ಬೋಟಿನವರು ಹೋಗುವ ಮೊದಲು ನೋಡುದು. ನೀವು ಬೈಕಿನವರು ನಿಂತ ಮೇಲೆ ನೋಡುದು."

ಆಮೇಲೆ ನಾವೂ ಹೊರಡುವ ಮೊದಲು ನೋಡತೊಡಗಿದೆವು. ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲುಗಾಡಿಸುವುದು, ಟಕ್ ಟಕ್ ಎಂದರೆ ಬೇರಿಂಗ್ ಸವೆದಿದೆ ಎಂದರ್ಥ. ನೀರಿಗೆ ಇಳಿದು ಬಂದ ದಿನವೇ ಬ್ರೇಕ್ ಡ್ರಮ್ಮು ಒಣಗಿಸುವುದು, ಚೈನು ಒರೆಸಿ ಎಣ್ಣೆ ಹಾಕುವುದು. ಕಡ್ಡಿ ಕಡ್ಡಿ ಮುಟ್ಟಿ ಸ್ಪೋಕ್ ಸಡಿಲ ಇದೆಯೇ ನೋಡುವುದು. ಒಂದು ನೋಟುಪುಸ್ತಕ ಸೀಟಿನ ಕೆಳಗೆ ಇಟ್ಟೆವು. ಯಾರು ಓಡಿಸಿದರೋ ಅವರು ಏನು ಕೇಳಿಸಿತು, ಏನು ಮಾಡಿದೆ ಎಂದು ಬರೆದು ಸಹಿ ಹಾಕಬೇಕು. ಮೂವರ ಕೆಲಸ ಯಾರ ಕೆಲಸವೂ ಅಲ್ಲ ಎಂದಾಗದಿರಲು ಅದೊಂದೇ ದಾರಿ. ಮುಂದಿನ ಎರಡು ಮಳೆಗಾಲ ಬಾಟಲಿ ಒಂದು ದಿನವೂ ತಡವಾಗಲಿಲ್ಲ. ಎರಡು ದಿನ ಮೊದಲೇ ತಲುಪಿಸುತ್ತಿದ್ದೆವು.

ಮತ್ತೆ ರಸ್ತೆ ಬಂತು. ನಮ್ಮ ಬರಹದಿಂದ ಬಂತು ಎಂದು ಹೇಳುವುದಿಲ್ಲ. ಊರಿನವರು ಎಷ್ಟೋ ವರ್ಷ ಅರ್ಜಿ ಹಿಡಿದು ಓಡಾಡಿದ್ದರು. 2024ರ ಬೇಸಗೆಯಲ್ಲಿ ಎರಡೂ ತೋಡಿಗೆ ಮೋರಿ ಆಯಿತು, ಏರಿಗೆ ಕಾಂಕ್ರೀಟ್ ಬಿತ್ತು. ಕಡೆಯ ಮನೆಗೆ ಮಾತ್ರ ಇನ್ನೂ ಅರ್ಧ ಕಿಲೋಮೀಟರು ಕಾಲುದಾರಿ. ಆದರೆ ಆಶಾ ಅಕ್ಕನ ಸ್ಕೂಟರು ಈಗ ಅಲ್ಲಿವರೆಗೆ ಬರುತ್ತದೆ. ಬಾಟಲಿ ಅವರೇ ತರುತ್ತಾರೆ.

ಅದೇ ಸಮಯಕ್ಕೆ ನಾವೂ ಚದುರಿದೆವು. ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ, ಒಬ್ಬಳಿಗೆ ಉಡುಪಿಯಲ್ಲಿ. ಬೈಕ್ ಬೆಳ್ತಂಗಡಿಯ ಮನೆಯ ಕೊಟ್ಟಿಗೆಯಲ್ಲಿ ನಿಂತಿತು. ಮಾರುವುದಾ ಇಡುವುದಾ ಎಂದು ವಾಟ್ಸಾಪಿನಲ್ಲಿ ಎರಡು ತಿಂಗಳು ಜಗಳ. ನೆನಪಿಗೆ ಇಡೋಣ ಎಂದವರಿಗೆ ಓಡಿಸಲು ಪುರುಸೊತ್ತಿಲ್ಲ. ನಿಲ್ಲಿಸಿದ ಬೈಕಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಗೋಂದಾಗುತ್ತದೆ, ಟ್ಯಾಂಕಿನ ಒಳಗೆ ತುಕ್ಕು ಹಿಡಿಯುತ್ತದೆ, ಇಲಿ ವೈರು ತಿನ್ನುತ್ತದೆ. ನೋಟುಪುಸ್ತಕದ ಕಡೆಯ ಪುಟದಲ್ಲಿ ನಾಲ್ಕು ತಿಂಗಳು ಯಾರ ಸಹಿಯೂ ಇರಲಿಲ್ಲ. ಅದನ್ನು ನೋಡಿದ ಮೇಲೆ ಮಾರುವುದೆಂದು ಮೂವರೂ ಒಪ್ಪಿದೆವು.

ಕಾಕನಿಗೆ ಹೇಳಿದೆವು. ಎರಡು ವಾರಕ್ಕೆ ಅವರು ಕರೆ ಮಾಡಿದರು. ಅಮಿನಿ ದ್ವೀಪದ ಒಬ್ಬ ಹುಡುಗ, ಬಂದರಿನಲ್ಲಿ ಹಗ್ಗದ ಅಂಗಡಿಯಲ್ಲಿರುವ ಮಾವನ ಮನೆಗೆ ಬಂದಿದ್ದಾನೆ, ಬೈಕ್ ಬೇಕಂತೆ.

ನಮಗೆ ನಗು ಬಂತು. ಅಮಿನಿಯ ವಿಸ್ತೀರ್ಣ ಮೂರು ಚದರ ಕಿಲೋಮೀಟರೂ ಇಲ್ಲ. ತೆಂಗಿನ ಮರಕ್ಕಿಂತ ಎತ್ತರದ್ದು ಅಲ್ಲೇನಿದೆ?

"ಗುಡ್ಡ ಉಂಟಾ ನಿಮ್ಮಲ್ಲಿ?" ಎಂದು ಕೇಳಿದೆವು.

"ಇಲ್ಲ."

"ತೋಡು?"

"ಇಲ್ಲ. ಮರಳು ಉಂಟು." ಅವನ ಅಪ್ಪ ಸೂರೆ ಮೀನು ಹಿಡಿಯುವವರಂತೆ. ದಡದ ಮರಳಿನಿಂದ ಮೀನು ಮೇಲೆ ತರಲು, ಐಸು ಕೆಳಗೆ ಒಯ್ಯಲು ಸ್ಕೂಟರು ಹೂತು ಹೋಗುತ್ತದೆ. ಹಗುರದ, ಎತ್ತರದ ಬೈಕ್ ಬೇಕು. ಮಾತು ಕೇಳಿದ ಮೇಲೆ ನಗು ನಿಂತಿತು. ಅವನಿಗೂ ಮನೆಯ ದಾರಿ ಅದು.

ಕಾಕ ನಮಗೆ ಇನ್ನೊಂದು ವಿಷಯ ನೆನಪಿಸಿದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಈ ದ್ವೀಪಗಳು ಹಿಂದೆ ಮಂಗಳೂರಿನವೇ. ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಆಳ್ವಿಕೆಗೆ ಬಂದು, 1799ರ ನಂತರ ಬ್ರಿಟಿಷರ ಕೈಗೆ ಹೋಗಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರಿನ ಹುರಿ ಬಂದು ಇಳಿಯುತ್ತಿದ್ದುದು ಇದೇ ಬಂದರಿಗೆ, ವಾಪಸು ಹೋಗುತ್ತಿದ್ದುದು ಅಕ್ಕಿ. 1974ರಲ್ಲಿ ಪಣಂಬೂರಿನ ಹೊಸ ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ಮೀನಿನ ಬೋಟು ಮತ್ತು ದ್ವೀಪದ ಮಂಜಿಗಳು ಇಲ್ಲೇ ಉಳಿದವು. "ನಮ್ಮ ತಾಲೂಕಿಗೇ ಕೊಟ್ಟ ಹಾಗೆ ಆಯ್ತು, ಬೇಸರ ಮಾಡಬೇಡಿ" ಎಂದು ಕಾಕ ನಕ್ಕರು.

ಇಪ್ಪತ್ತನಾಲ್ಕು ಸಾವಿರಕ್ಕೆ ಮಾತಾಯಿತು. ಹಳೆ ಬೈಕ್ ಮಾರುವವರು ನೀವಿದ್ದರೆ ಒಂದು ಮಾತು. ಛಾಪಾ ಕಾಗದದಲ್ಲಿ ಸಹಿ ಮಾಡಿಸಿ ಕೀ ಕೊಟ್ಟರೆ ಮುಗಿಯುವುದಿಲ್ಲ. ಆರ್‌ಸಿಯಲ್ಲಿ ನಿಮ್ಮ ಹೆಸರಿರುವವರೆಗೆ ಆ ಗಾಡಿ ಎಲ್ಲಿ ಯಾರಿಗೆ ಗುದ್ದಿದರೂ ನೋಟಿಸು ನಿಮ್ಮ ಮನೆಗೆ. 29 ಮತ್ತು 30ನೇ ನಮೂನೆ ಹೆಸರು ಬದಲಾವಣೆಗೆ. ಬೇರೆ ರಾಜ್ಯಕ್ಕೆ ಹೋಗುವುದಾದರೆ 28ನೇ ನಮೂನೆಯಲ್ಲಿ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ನಾವು ಅದನ್ನು ಮಾಡಿಸಿಯೇ ಬೈಕ್ ಬಿಟ್ಟದ್ದು. ಅಷ್ಟರಲ್ಲಿ ಏಪ್ರಿಲ್ ಮುಗಿದು, ಕಡೆಯ ಮಂಜಿಗಳ ವಾರ ಬಂದಿತ್ತು.

ಹುಡುಗನಿಗೆ ನೋಟುಪುಸ್ತಕವನ್ನೂ ಕೊಟ್ಟೆವು. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಕಾಕ ಮಲಯಾಳದಲ್ಲಿ ಅವನಿಗೆ ತುಂಬ ಹೊತ್ತು ಏನೋ ಹೇಳುತ್ತಿದ್ದರು. ನಮಗೆ ತಿಳಿದದ್ದು ಇಷ್ಟು: ಉಪ್ಪು ನೀರು ತೋಡಿನ ನೀರಿನ ಹಾಗಲ್ಲ, ದಿನಾ ಸಿಹಿನೀರಿನಲ್ಲಿ ತೊಳೆ, ಚೈನಿಗೆ ಎಣ್ಣೆ ತಪ್ಪಿಸಬೇಡ, ಮರಳಿನಲ್ಲಿ ಟಯರಿನ ಗಾಳಿ ಸ್ವಲ್ಪ ಇಳಿಸು, ರಸ್ತೆಗೆ ಬಂದ ಮೇಲೆ ತುಂಬಿಸು. ಹೋಗುವ ಮೊದಲು ನೋಡು ಎಂಬುದನ್ನೂ ಹೇಳಿರಬೇಕು.

ಹಗ್ಗ ಹಾಕಿ ಬೈಕನ್ನು ಎತ್ತಿದರು. ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಸಿಮೆಂಟಿನ ಚೀಲಗಳ ಪಕ್ಕ ಇಳಿಯಿತು. ಹ್ಯಾಂಡಲಿಗೆ ಗೋಣಿ ಸುತ್ತಿ ಮರಕ್ಕೆ ಕಟ್ಟಿದರು. ಐದು ನಿಮಿಷದ ಕೆಲಸ. ಫೋಟೊ ತೆಗೆಯುವಷ್ಟರಲ್ಲಿ ಅದರ ಮೇಲೆ ತಾಡಪಾಲು ಬಿದ್ದಿತ್ತು. ಎಂಟೆಂಟು ಸಾವಿರ ಹಂಚಿಕೊಂಡು, ಅಲ್ಲೇ ಒಂದು ಹೋಟೆಲಿನಲ್ಲಿ ಚಹಾ ಕುಡಿದು, ಮೂವರೂ ಮೂರು ಬಸ್ಸು ಹತ್ತಿದೆವು.

ಜೂನ್‌ನಲ್ಲಿ ನಮ್ಮಲ್ಲಿ ಇಬ್ಬರಿಗೆ ರಜೆ ಸಿಕ್ಕಿತು. ಅಜ್ಜಿಯ ಮನೆಗೆ ಹೋದೆವು. ಕಾಂಕ್ರೀಟ್ ಏರು ಮೊದಲ ಮಳೆಗೇ ಪಾಚಿ ಹಿಡಿದು, ಹಿಂದಿನ ಕೆಸರಿಗಿಂತ ಜಾರುತ್ತಿತ್ತು. ನೀವೂ ಜಾಗ್ರತೆ, ಅಂಥ ಕಡೆ ಮುಂದಿನ ಬ್ರೇಕ್ ಗಟ್ಟಿ ಹಿಡಿಯಬೇಡಿ. ಕಡೆಯ ಅರ್ಧ ಕಿಲೋಮೀಟರು ನಡೆದೆವು. ಅಜ್ಜ ಅಂಗಳದಲ್ಲಿ ಇರಲಿಲ್ಲ, ಶಬ್ದ ಕೇಳಿಸಬೇಕಲ್ಲ. ಒಳಗೆ ಕೂತಿದ್ದರು. ನಮ್ಮನ್ನು ನೋಡಿ, "ಗಾಡಿ ಎಲ್ಲಿ?" ಎಂದರು.

ದ್ವೀಪದ ಹುಡುಗ ಕಳಿಸಿದ ಫೋಟೊ ಫೋನಿನಲ್ಲಿ ತೋರಿಸಿದೆವು. ತೆಂಗಿನ ಮರ, ಬಿಳಿ ಮರಳು, ಹಿಂದೆ ನೀಲಿ ನೀರು, ಬೈಕಿನ ಹಿಂದೆ ಐಸಿನ ಪೆಟ್ಟಿಗೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ತುಂಬ ಹೊತ್ತು ನೋಡಿದರು.

"ಅಲ್ಲಿಯೂ ಯಾರಿಗಾದರೂ ಮದ್ದು ತರುತ್ತದಾ?"

"ಇಲ್ಲ ಅಜ್ಜಿ, ಮೀನು ತರುತ್ತದೆ" ಎಂದೆವು.

"ಅದೂ ಬೇಕಲ್ಲ" ಎಂದು ಅಜ್ಜಿ ಕಾಫಿಗೆ ನೀರಿಡಲು ಒಳಗೆ ಹೋದರು.